ವರ್ಷಕ್ಕೆ ಒಂದೇ ಗಾಯ

"ಅಲ್ಲೇ ನಿಂತು ನೋಡ್ಬೇಡಿ... ಬಂದು ಹಿಡ್ಕೊಳ್ಳಿ!"

ಗಾಜಿನ ಮನೆಯ ಬಾಗಿಲಲ್ಲಿ ನಿಂತಿದ್ದ ಅಪರಿಚಿತ ಹಿಂದೆ ತಿರುಗಿ ನೋಡಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ನಿಮಗೇ ಹೇಳಿದ್ದು. ಕೈಲಿರೋದನ್ನ ಕೆಳಗಿಡಿ. ಇಲ್ಲಿ, ನನ್ನ ಹೆಬ್ಬೆರಳ ಪಕ್ಕ ಒತ್ತಿ. ಮೆಲ್ಲಗೆ."

ಅವನು ಬಂದು ಒತ್ತಿದ. ಅವಳ ಎರಡೂ ಕೈಗಳು ಒಂದು ಕುಳ್ಳ ಪೈನ್ ಮರದ ಕೊಂಬೆಯಲ್ಲಿ ಸಿಕ್ಕಿಬಿದ್ದಿದ್ದವು. ನೆನೆಸಿದ ನಾರು ಸುತ್ತಿದ ಆ ಕೊಂಬೆಯನ್ನು ಅವಳು ಕೆಳಕ್ಕೆ ಬಾಗಿಸಿದ್ದಳು. ಅದನ್ನು ಹಿಡಿದು ನಿಲ್ಲಿಸಬೇಕಾದ ತಾಮ್ರದ ತಂತಿ ಅರ್ಧಕ್ಕೇ ಮುಗಿದಿತ್ತು. ಹೊಸ ಸುರುಳಿ ಎದುರಿನ ಮೇಜಿನ ಮೇಲಿತ್ತು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಅವಳು ಎಷ್ಟು ಹೊತ್ತಿನಿಂದ ಹಾಗೇ ನಿಂತಿದ್ದಳೆಂಬುದನ್ನು ಅವಳ ನಡುಗುವ ತೋಳುಗಳೇ ಹೇಳುತ್ತಿದ್ದವು.

"ಬಿಟ್ರೆ ಏನಾಗುತ್ತೆ?" ಅವನು ಕೇಳಿದ.

"ಮುರಿಯುತ್ತೆ."

"ಕೊಂಬೆನಾ, ನೀವಾ?"

ಅವಳಿಗೆ ನಗು ಬಂತು. ನಕ್ಕರೆ ಕೈ ಅಲುಗಬಹುದೆಂದು ತುಟಿ ಕಚ್ಚಿಕೊಂಡಳು. "ಮಾತು ಕಡಿಮೆ ಮಾಡಿ. ಉಸಿರಾಡಿ ಸಾಕು."

ಅವಳು ಒಂದೊಂದೇ ಬೆರಳನ್ನು ಬಿಡಿಸಿಕೊಂಡು ಓಡಿಹೋಗಿ ಸುರುಳಿ ತಂದಳು. ತಂತಿ ಸುತ್ತುವಾಗ ಅವಳ ಬೆರಳುಗಳು ಅವನ ಬೆರಳುಗಳ ನಡುವೆ ನುಸುಳಿ ಹೋಗಬೇಕಿತ್ತು. ಬೇರೆ ದಾರಿಯೇ ಇರಲಿಲ್ಲ. ಅವನ ಎಡ ಹೆಬ್ಬೆರಳಿನ ಮೇಲೆ ಹಳೆಯದೊಂದು ಸುಟ್ಟ ಕಲೆ ಇತ್ತು. ಅವನಿಂದ ಹಸಿ ಜೇಡಿಮಣ್ಣಿನ ವಾಸನೆ ಬರುತ್ತಿತ್ತು.

ಕೊನೆಯ ಸುತ್ತು ಮುಗಿಯಿತು. ಕೊಂಬೆ ತಂತಿಯ ಹಿಡಿತದಲ್ಲಿ ನಿಂತಿತು.

'ಇನ್ನು ಬಿಡಿ' ಅನ್ನಬೇಕು... ಅವಳು ಅನ್ನಲಿಲ್ಲ. ಅವನೂ ಬಿಡಲಿಲ್ಲ.

ಅಷ್ಟರಲ್ಲಿ ಮನೆಯ ಕಡೆಯಿಂದ ಕೈಗಂಟೆಯ ಸದ್ದು ಕೇಳಿತು. ಜೊತೆಗೆ ಒಂದು ಹೆಂಗಸಿನ ದನಿ.

"ಚಿಮಟಾ! ಎಲ್ಲಿ ಸತ್ತೆ? ತಟ್ಟೆ ಮಾಡೋನು ಬರ್ತೀನಿ ಅಂದಿದ್ದ, ಬಂದ್ನಾ?"

ಅವಳು ಬೆಚ್ಚಿ ಹಿಂದೆ ಸರಿದಳು.

"ತಟ್ಟೆ ಮಾಡೋನು ನಾನೇ," ಎಂದ ಅವನು, ಮರಕ್ಕೆ ಹೇಳುವವನಂತೆ. "ಚಿಮಟ ಅಂದ್ರೆ ನೀವಾ?"

* * *

ಚಿಮಟ ಎಂಬ ಹೆಸರನ್ನು ಇಟ್ಟಿದ್ದು ಅತ್ತೆ, ಅವಳ ಅಪ್ಪನ ಅಕ್ಕ. ತಾಯಿ ತೀರಿಕೊಂಡ ಮೇಲೆ ಈ ಮನೆಗೆ ಬಂದ ಹುಡುಗಿ ಪೈನ್ ಗಿಡಗಳ ಹಳೆಯ ಸೂಜಿ ಎಲೆಗಳನ್ನು ಹೊಸ ಚಿಗುರಿಗೆ ಒಂದಿಷ್ಟೂ ನೋವಾಗದಂತೆ ಕೀಳುತ್ತಿದ್ದಳು. "ಇವಳ ಬೆರಳಲ್ಲ, ಚಿಮಟ," ಎಂದು ಅತ್ತೆ ನಕ್ಕಿದ್ದರು. ಹೆಸರು ಅಂಟಿಕೊಂಡಿತು.

ಅತ್ತೆಯ ನರ್ಸರಿಯಲ್ಲಿ ಇದ್ದದ್ದು ಮ್ಯೂಗೊ ಪೈನ್‌ಗಳೇ. ಬೆಟ್ಟದ ಮೇಲೆ ಹಿಮದ ಭಾರಕ್ಕೆ ನೆಲಕ್ಕೊರಗಿ ಬೆಳೆಯುವ ಜಾತಿ ಅದು. ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಪ್ಲಾಸ್ಟಿಕ್ ಡಬ್ಬಗಳಲ್ಲಿ ಸಾಲಾಗಿ, ಮುಳ್ಳುಹಂದಿಯ ಹಾಗೆ ಗುಂಡಗೆ ಬೆಳೆದ ಗಿಡಗಳಿಂದ ಅತ್ತೆ ಒಂದನ್ನು ಆರಿಸುತ್ತಿದ್ದರು. ಬೇಡದ ಕೊಂಬೆ ತೆಗೆದು, ಬೇಕಾದದ್ದಕ್ಕೆ ತಂತಿ ಸುತ್ತಿ, ಹಲವು ವರ್ಷಗಳಲ್ಲಿ ಅದನ್ನು ಒಂದು ಮುದಿ ಮರದ ರೂಪಕ್ಕೆ ತರುತ್ತಿದ್ದರು. ಅಂಗೈಯಲ್ಲಿ ಎತ್ತಬಹುದಾದ ಮುದಿ ಮರ. ಕೊನೆಗೆ ಅದು ಕೂರುತ್ತಿದ್ದುದು 'ತಟ್ಟೆ'ಯಲ್ಲಿ, ಅಂದರೆ ಸುಟ್ಟ ಮಣ್ಣಿನ ಚಪ್ಪಟೆ ಕುಂಡದಲ್ಲಿ.

ಚಿಮಟ ಕಾಲೇಜಿನಲ್ಲಿ ಸಸ್ಯವಿಜ್ಞಾನ ಓದಿದಳು. ಸಂಶೋಧನೆಗೆ ಜಾಗ ಸಿಕ್ಕಿದ ವರ್ಷವೇ ಅತ್ತೆಯ ಬೆರಳ ಗಂಟುಗಳು ಊದಿಕೊಂಡವು. ಕತ್ತರಿ ಹಿಡಿಯಲಾಗಲಿಲ್ಲ. "ಈ ಒಂದು ಋತು ಮುಗಿಸಿಕೊಟ್ಟು ಹೋಗು," ಎಂದರು ಅತ್ತೆ. ಅವಳು ಬಂದಳು. ಆ ಋತು ಮುಗಿಯಲೇ ಇಲ್ಲ.

ಈಗ ಅತ್ತೆ ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ಅವಳು ಮಾಡುತ್ತಾಳೆ. ಬಂದವರಿಗೆಲ್ಲ ಅತ್ತೆ ಅಭಿಮಾನದಿಂದ ಹೇಳುವ ಮಾತು ಒಂದೇ: "ಇವಳು ನನ್ನ ಕೈ."

ಎಷ್ಟೋ ಸಲ ಗಾಜಿನ ಮನೆಯೊಳಗೆ ಒಬ್ಬಳೇ ನಿಂತಾಗ ಅವಳಿಗೆ ಅನ್ನಿಸುತ್ತಿತ್ತು: 'ಕೈಗೆ ಮನೆ ಬಿಟ್ಟು ಹೋಗೋಕಾಗುತ್ತಾ?'

ಅತ್ತೆ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಜ್ವರ ಬಂದಾಗ ರಾತ್ರಿಯಿಡೀ ಹಣೆ ಮೇಲೆ ಕೈಯಿಟ್ಟು ಕೂತವರು ಅವರೇ. ಆ ಕೈಗಳೇ ಈಗ ಮಡಚಿಕೊಂಡಿದ್ದವು.

* * *

ತಟ್ಟೆ ಮಾಡುವವನು ಮತ್ತೆ ಬಂದ. ಮರದ ಬುಡಕ್ಕೆ ದಾರ ಸುತ್ತಿ ಅಳತೆ ತೆಗೆದುಕೊಂಡ. ಮುಂದಿನ ವಾರ ದಾರ ಕಳೆದುಹೋಯಿತೆಂದು ಬಂದ. ಅದರ ಮುಂದಿನ ವಾರ ಬಣ್ಣ ಹಚ್ಚಿ ಸುಟ್ಟ ಮಣ್ಣಿನ ತುಂಡುಗಳನ್ನು ತಂದು ತೊಗಟೆಯ ಪಕ್ಕ ಹಿಡಿದು ನೋಡಿದ. ನೀಲಿ ಹಿಡಿದ, ಬೂದು ಹಿಡಿದ, ಮತ್ತೆ ನೀಲಿ ಹಿಡಿದ.

"ಆ ತಟ್ಟೆರಾಯ ಕುಂಡ ಮಾಡ್ತಾನಾ, ಮರಕ್ಕೆ ಸೀರೆ ಆರಿಸ್ತಾನಾ?" ಎಂದರು ಅತ್ತೆ. ಅಂದಿನಿಂದ ಆ ಮನೆಯಲ್ಲಿ ಅವನು ತಟ್ಟೆರಾಯನಾದ.

ಒಂದು ಮಧ್ಯಾಹ್ನ ಅವಳು ಬೇರೊಂದು ಗಿಡವನ್ನು ಡಬ್ಬದಿಂದ ಎತ್ತಿ ತೋರಿಸಿದಳು. ಬೇರುಗಳ ನಡುವೆ ಬಿಳಿ ನೂಲಿನಂಥದ್ದು ಹಬ್ಬಿತ್ತು.

"ಬೂಷ್ಟು ಬಂದಿದೆಯಲ್ಲ..."

"ರೋಗದ ಬೂಷ್ಟಲ್ಲ. ಪೈನ್ ಇದರ ಜೊತೆಗೇ ಬದುಕೋದು. ಮಣ್ಣಿಂದ ನೀರು ಹೀರಿಕೊಡೋದು ಇದೇ. ಪೂರ್ತಿ ತೊಳೆದುಬಿಟ್ರೆ ಗಿಡ ಒದ್ದೆ ಮಣ್ಣಲ್ಲೇ ಬಾಯಾರಿ ಸಾಯುತ್ತೆ. ಮೂಗು ಹತ್ತಿರ ತನ್ನಿ."

ಅವನು ಬಾಗಿದ. ಅಣಬೆಯ ವಾಸನೆ ಬರುತ್ತಿತ್ತು. ಇಬ್ಬರ ತಲೆಗಳೂ ಒಂದೇ ಡಬ್ಬದ ಮೇಲೆ ಬಾಗಿದ್ದವು. ಆದರೆ ಅವನು ನೋಡುತ್ತಿದ್ದುದು ಬೇರೇನನ್ನೋ.

"ಈ ಬೇರುಗಳು ನೋಡಿ... ಡಬ್ಬ ತೆಗೆದ್ರೂ ಡಬ್ಬದ ಆಕಾರದಲ್ಲೇ ನಿಂತಿವೆ."

"ಗೋಡೆ ಮುಟ್ಟಿ ಮುಟ್ಟಿ ಸುತ್ತಿಕೊಂಡಿವೆ. ಗೋಡೆ ಹೋಗಿದ್ದು ಅವಕ್ಕೆ ಗೊತ್ತಾಗಲ್ಲ."

ಹೇಳಿದ ಮೇಲೆ ಅವಳಿಗೆ ತನ್ನ ಮಾತೇ ತಾಗಿತು. ಗಿಡವನ್ನು ಬೇಗ ಡಬ್ಬದೊಳಗೆ ಇಟ್ಟಳು. ಮನೆಯಿಂದ ಗಂಟೆಯ ಸದ್ದು ಬಂತು.

* * *

ಅದೇ ವಾರ ಅತ್ತೆ ಹೇಳಿದರು, "ದೊಡ್ಡ ಮ್ಯೂಗೊನ ಬೋನ್ಸಾಯ್ ಸಂಘದ ಈ ಸಲದ ಪ್ರದರ್ಶನಕ್ಕೆ ತಟ್ಟೆಗೆ ಕೂರಿಸ್ತಿದ್ದೀವಿ. ಬೇರು ಪೂರ್ತಿ ತೊಳೆದು, ಒಂದೇ ಏಟಿಗೆ."

ಚಿಮಟ ಚಹಾದ ಲೋಟವನ್ನು ಹಿಡಿದು ನಿಂತಲ್ಲೇ ನಿಂತಳು. ಅದು ಅವಳು ಕೊಂಬೆ ಬಾಗಿಸಿದ ಮರ. ನಾರಿನೊಳಗೆ, ಬಾಗಿಸಿದಾಗ ಕೊಂಬೆಯಲ್ಲಿ ಬಿಟ್ಟ ಸೀಳುಗಳು ಇನ್ನೂ ಕೂಡಿರಲಿಲ್ಲ.

ವರ್ಷಕ್ಕೆ ಒಂದೇ ಗಾಯ. ಕೊಂಬೆ ಮುಟ್ಟಿದ ವರ್ಷ ಬೇರು ಮುಟ್ಟಬಾರದು. ಬೇರು ಮುಟ್ಟಿದರೂ ಅರ್ಧ ಭಾಗದ ಹಳೆ ಮಣ್ಣನ್ನಷ್ಟೇ ತೆಗೆಯಬೇಕು. ಉಳಿದರ್ಧ, ಹೊಸ ಬೇರು ಬಂದ ಮೇಲೆ. ಇದನ್ನು ಅವಳಿಗೆ ಕಲಿಸಿದ್ದು ಅತ್ತೆಯೇ.

"ಅತ್ತೆ, ಅದು..."

"ಕೈ ಹೋಯ್ತು. ಈಗ ಕಣ್ಣೂ ಮಂಜಾಗ್ತಿದೆ ಅಂತ ಡಾಕ್ಟರು ಹೇಳಿದಾರೆ. ಪೂರ್ತಿ ಹೋಗೋದ್ರೊಳಗೆ ಅದನ್ನ ತಟ್ಟೇಲಿ ನೋಡ್ಬೇಕು, ಅಷ್ಟೇ. ಆ ತಟ್ಟೆರಾಯ ಹೊತ್ತಿಗೆ ಕೊಡದಿದ್ರೆ ಬೇರೆ ಕಡೆ ತರಿಸ್ತೀನಿ."

ಅವಳು ಚಹಾದ ಲೋಟವನ್ನು ಅತ್ತೆಯ ಮುಂದಿಟ್ಟಳು. ಈ ಮನೆಗೆ ಬಂದಾಗಿನಿಂದ ಅವಳು ಅತ್ತೆಗೆ 'ಇಲ್ಲ' ಅಂದಿರಲಿಲ್ಲ. ಈಗ, ಕಣ್ಣು ಹೋಗುತ್ತಿದೆ ಎನ್ನುವಾಗ ಹೇಗೆ ಅನ್ನುವುದು?

ಮರುದಿನ ಗೇಟಿನ ಬಳಿ ಅವನನ್ನು ತಡೆದು ನಿಲ್ಲಿಸಿದಳು. "ತಟ್ಟೆ ಕೊಡ್ಬೇಡಿ. ಒಡೆದುಹೋಯ್ತು ಅನ್ನಿ. ಏನಾದ್ರೂ ಹೇಳಿ. ಈ ವರ್ಷ ಬೇರು ತೊಳೆದ್ರೆ ಅದು ಉಳಿಯಲ್ಲ."

"ಅವರಿಗೇ ಹೇಳಬಹುದಲ್ಲ?"

"ನಾನು ಅವರ ಕೈ. ಕೈ ಮಾತಾಡುತ್ತಾ?"

ಅವನು ಅವಳನ್ನೇ ನೋಡಿದ. "ಕೊಡದಿದ್ರೆ ಬೇರೆಯವರ ಹತ್ರ ತರಿಸ್ತೀನಿ ಅಂತ ನನಗೂ ಹೇಳಿದಾರೆ." ಗಾಜಿನ ಮನೆಯ ಕಡೆ ನೋಡಿ ಮುಂದುವರಿಸಿದ: "ಈ ವರ್ಷ ಆ ಮರ ನನ್ನ ತಟ್ಟೇಲಿ ಕೂರಲ್ಲ. ಮಾತು ಕೊಟ್ಟೆ."

ಅಂದು ರಾತ್ರಿ ಅವಳು ಬಹಳ ದಿನಗಳ ಮೇಲೆ ನೆಮ್ಮದಿಯಿಂದ ನಿದ್ದೆ ಮಾಡಿದಳು. ಗೋಡೆಯಾಚೆ ಒಬ್ಬರಾದರೂ ಇದ್ದಾರೆ ಎಂಬ ನೆಮ್ಮದಿ.

* * *

ತಟ್ಟೆ ಹೇಳಿದ ದಿನಕ್ಕೇ ಬಂತು.

ಗೋಣಿಯಲ್ಲಿ ಸುತ್ತಿ, ಒಳಗೆ ಒಣಹುಲ್ಲು ತುರುಕಿ, ಹಗ್ಗ ಬಿಗಿದ ತಟ್ಟೆಯನ್ನು ಅವನೇ ಹೊತ್ತು ತಂದು ಅತ್ತೆಯ ಮುಂದಿಟ್ಟ. ಗೋಣಿಯ ಒಂದು ಅಂಚು ಸರಿಸಿ ತೋರಿಸಿದ. ಮುಸ್ಸಂಜೆಯ ಮೋಡದ ಬೂದು ನೀಲಿ. ಅತ್ತೆ ಮುಖ ಹತ್ತಿರ ತಂದು ನೋಡಿ, ಮಡಚಿದ ಬೆರಳಿಂದ ಅಂಚನ್ನು ಸವರಿ, "ಪರವಾಗಿಲ್ಲ ಕಣಯ್ಯ," ಎಂದರು. ಅತ್ತೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಚಿಮಟ ತಟ್ಟೆಯಿಂದ ಕಣ್ಣು ಕಿತ್ತು ಅವನನ್ನು ನೋಡಿದಳು. 'ಮಾತು ಕೊಟ್ಟಿದ್ದು ಸುಳ್ಳಾ? ಅತ್ತೆಯಂಥ ಗಿರಾಕಿಯನ್ನ ಬಿಡೋಕಾಗಲಿಲ್ಲ, ಅಷ್ಟೇ ತಾನೇ?'

"ಮೂಲೆಗಳು ಸೂಕ್ಷ್ಮ ಅಮ್ಮ. ಕೂರಿಸೋ ದಿನವೇ ಹಗ್ಗ ಬಿಚ್ಚಿ," ಎಂದ ಅವನು. ಆಮೇಲೆ ಅವಳ ಕಡೆ ತಿರುಗಿದ. "ನೀವು ಮಾತ್ರ ಒಮ್ಮೆ ಬುಡ ನೋಡ್ಕೊಳ್ಳಿ."

"ನೋಡೋದೇನಿದೆ? ಕೊಟ್ಟ ಮಾತು ಎಷ್ಟು ಗಟ್ಟಿ ಅಂತ ನೋಡಿದ್ದಾಯ್ತಲ್ಲ," ಎಂದು ಅತ್ತೆಗೆ ಕೇಳದಂತೆ ಗೊಣಗಿ, ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಗಾಜಿನ ಮನೆಯ ಮೂಲೆಯಲ್ಲಿ ಆ ಗೋಣಿಯ ಗಂಟು ಹಾಗೇ ಕೂತಿತ್ತು. ಅವಳು ಅದರ ಹತ್ತಿರವೂ ಸುಳಿಯಲಿಲ್ಲ.

* * *

ಕೂರಿಸುವ ದಿನ ಅತ್ತೆ ಸಂಘದ ಕಾರ್ಯದರ್ಶಿಯನ್ನೂ ಕರೆಸಿದ್ದರು. ಬೋನ್ಸಾಯ್ ಬೆಳೆಸುವವರ ಆ ಸಂಘದಲ್ಲಿ ಈ ಕಾರ್ಯದರ್ಶಿ ಮರಗಳಿಗಿಂತ ಮರದ ಒಡೆಯರ ಸುದ್ದಿಯನ್ನೇ ಚೆನ್ನಾಗಿ ಬೆಳೆಸುತ್ತಿದ್ದರು. ತಟ್ಟೆರಾಯನಿಗೂ ಕರೆ ಹೋಗಿತ್ತು. ಅವನು ಬಾಗಿಲ ಬಳಿ ನಿಂತಿದ್ದ, ಮೊದಲ ದಿನ ನಿಂತಿದ್ದ ಜಾಗದಲ್ಲೇ.

ಅವಳು ಹಗ್ಗ ಕತ್ತರಿಸಿದಳು. ಗೋಣಿ ತೆಗೆದಳು. ಹುಲ್ಲು ತೆಗೆದಳು. ನೀರು ಹರಿಯುವ ತೂತುಗಳಿಗೆ ಜಾಲರಿ ಕೂರಿಸಲೆಂದು ತಟ್ಟೆಯೊಳಗೆ ಕೈಯಾಡಿಸಿದಳು.

ಬೆರಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಮತ್ತೆ ಬಂತು. ತಟ್ಟೆಯನ್ನು ಮಗುಚಿದಳು.

ಬುಡ ನುಣ್ಣಗಿತ್ತು. ಒಂದೇ ಒಂದು ತೂತೂ ಇರಲಿಲ್ಲ.

"ಏನಾಯ್ತೇ?" ಅತ್ತೆ ಕೇಳಿದರು.

"ತೂತಿಲ್ಲ ಅತ್ತೆ..."

ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡು ಬಂದು ನೋಡಿದರು. "ಇದರಲ್ಲಿ ಮರ ನೆಟ್ಟರೆ ಬೇರು ನೀರಲ್ಲೇ ಕೊಳೆಯುತ್ತೆ. ಕುಂಡ ಮಾಡೋನು ತೂತು ಮರೆಯೋದು ಅಂದ್ರೆ... ಅಂಗಿ ಹೊಲಿಯೋನು ತಲೆ ತೂರಿಸೋ ಜಾಗ ಮರೆತ ಹಾಗೆ."

"ಈಗ ಕೊರೆಯೋಕಾಗಲ್ವೇನಯ್ಯಾ?" ಅತ್ತೆ ಬಾಗಿಲ ಕಡೆ ತಿರುಗಿ ಕೇಳಿದರು.

"ಸುಟ್ಟ ಮೇಲೆ ಕೊರೆದ್ರೆ ಸೀಳು ಬಿಡುತ್ತೆ ಅಮ್ಮ. ಈ ಅಳತೆಗೆ ಹೊಸದು ಮಾಡಿ, ಒಣಗಿಸಿ ಸುಡೋ ಹೊತ್ತಿಗೆ ಋತು ದಾಟಿರುತ್ತೆ. ತಪ್ಪಾಯ್ತು. ಮರೆತೆ."

ಅತ್ತೆ ಬೈದರು. ಕೆಲಸ ಬಾರದವನೆಂದರು, ಮುದುಕಿಯ ಕೊನೆ ಆಸೆಗೆ ಕಲ್ಲು ಹಾಕಿದೆಯೆಂದರು. ಸಂಘದವರು ಯಾರೂ ಇನ್ನು ಇವನ ಬಳಿ ಹೋಗುವುದಿಲ್ಲವೆಂದು ಕಾರ್ಯದರ್ಶಿ ಸೇರಿಸಿದರು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಒಂದೇ ಒಂದು ಸಲ ಅವಳ ಕಡೆ ನೋಡಿದ. ಆಮೇಲೆ ತಟ್ಟೆಯನ್ನು ಎತ್ತಿಕೊಂಡು ಹೊರಟುಹೋದ.

'ಒಮ್ಮೆ ಬುಡ ನೋಡ್ಕೊಳ್ಳಿ...'

ಗೇಟು ಮುಚ್ಚಿದ ಸದ್ದು ಕೇಳಿದಾಗಲೂ ಅವಳ ನಾಲಿಗೆ ಏಳಲಿಲ್ಲ. ತನ್ನ ಹೆಸರನ್ನೇ ಮಣ್ಣುಪಾಲು ಮಾಡಿಕೊಂಡು ಅವನು ಮಾತು ಉಳಿಸಿಕೊಂಡಿದ್ದ. ಅವಳು ನಿಂತು ನೋಡಿದ್ದಳು, ಅಷ್ಟೇ.

"ಹೋಗ್ಲಿ," ಎಂದರು ಅತ್ತೆ. "ತಟ್ಟೆ ಇಲ್ಲದಿದ್ರೆ ಹಲಗೆ ಪೆಟ್ಟಿಗೇಲಿ ಕೂರಿಸೋಣ. ಚಿಮಟಾ, ಗಿಡ ಎತ್ತು. ಪೈಪು ತಗೋ, ಬೇರು ತೊಳಿ."

ಅವಳು ಗಿಡ ಎತ್ತಿದಳು. ಬೇರುಗಳು ಡಬ್ಬದ ಆಕಾರದಲ್ಲೇ, ಬಿಳಿ ನೂಲು ಹೊದ್ದು ನಿಂತಿದ್ದವು. ಪೈಪಿನಿಂದ ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು.

"ಹೂಂ, ತೊಳಿ."

ಅತ್ತೆ ಗಂಟೆ ಬಾರಿಸಿದರು, ಅವಳು ಎದುರಿಗೇ ಇದ್ದರೂ.

"ಇಲ್ಲ ಅತ್ತೆ."

ಯಾರೋ ಬೇರೆಯವರು ಹೇಳಿದಂತೆ ಅವಳಿಗೇ ಕೇಳಿಸಿತು.

"ಏನಂದೆ?"

"ತೊಳೆಯಲ್ಲ. ತೊಳೆದ್ರೆ ಸಾಯುತ್ತೆ, ನಿಮಗೂ ಗೊತ್ತು. ನೀವೇ ಕಲಿಸಿದ್ದು. ಮತ್ತೆ... ಅವರು ತೂತು ಮರೆತಿಲ್ಲ. ಮರ ಉಳಿಸಿ ಅಂತ ನಾನೇ ಕೇಳ್ಕೊಂಡಿದ್ದೆ. ನಿಮಗೆ ಹೇಳೋ ಧೈರ್ಯ ಇಲ್ಲದೆ ಅವರಿಗೆ ಹೇಳಿದೆ. ಬೈಗುಳ ನನ್ನದು. ಅವರು ತಿಂದರು."

ಅತ್ತೆ ಮಂಜುಗಣ್ಣುಗಳನ್ನು ಕಿರಿದು ಮಾಡಿ ಅವಳಿದ್ದ ಕಡೆ ನೋಡಿದರು.

"ನನ್ನ ಕೈಗೆ ನಾಲಿಗೆ ಯಾವಾಗ ಬಂತು?"

"ಈಗಷ್ಟೇ ಅತ್ತೆ."

ಕಾರ್ಯದರ್ಶಿಗೆ ಥಟ್ಟನೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಅವಳು ಪೈಪು ನಿಲ್ಲಿಸಿ, ಗಿಡವನ್ನು ಹಳೆಯ ಡಬ್ಬದೊಳಗೇ ಇಳಿಸಿ, ಸುತ್ತ ಮಣ್ಣು ಒತ್ತಿದಳು. ಒತ್ತಿದ ಆ ಕೈ ಈಗ ಅವಳದೇ ಆಗಿತ್ತು.

* * *

ಅತ್ತೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿದ್ದರು, ತಿನ್ನುತ್ತಿದ್ದರು, ಹೋಗುತ್ತಿದ್ದರು. ಗಂಟೆ ಬಾರಿಸಲೇ ಇಲ್ಲ. ಬೇಡವಾಗಿದ್ದ ಆ ಸದ್ದು ನಿಂತ ಮೇಲೆ ಮನೆ ಇನ್ನಷ್ಟು ಇಕ್ಕಟ್ಟಾದಂತೆ ಅವಳಿಗೆ ಅನ್ನಿಸಿತು. ಅವನಿಗೆ ಫೋನ್ ಮಾಡಲು ಹೋಗಿ ಹೋಗಿ ಹಿಂದೆ ಸರಿದಳು. ಕ್ಷಮೆ ಕೇಳುವ ಮುಖವಾದರೂ ಎಲ್ಲಿದೆ?

ಪ್ರದರ್ಶನ ಅವರಿಲ್ಲದೆ ನಡೆದು ಮುಗಿಯಿತು. ಅದಾದ ಮೇಲೆ ಒಂದು ಬೆಳಿಗ್ಗೆ ಅವಳು ಗಾಜಿನ ಮನೆಗೆ ಹೋದಾಗ ಅತ್ತೆ ಆಗಲೇ ಅಲ್ಲಿದ್ದರು. ದೊಡ್ಡ ಮ್ಯೂಗೊದ ಚಿಗುರುಗಳನ್ನು ಮಡಚಿದ ಬೆರಳಿನ ಗೆಣ್ಣಿನಿಂದ ಮುಟ್ಟಿ ನೋಡುತ್ತಿದ್ದರು.

"ಚಿಗುರು ಗಟ್ಟಿ ಇದೆ," ಎಂದರು.

"ಹೂಂ."

"ತೊಳೆದಿದ್ರೆ?"

"ಇಷ್ಟು ಹೊತ್ತಿಗೆ ಜೋತು ಬೀಳ್ತಿತ್ತು."

ಅತ್ತೆ ಚಿಗುರಿನಿಂದ ಬೆರಳು ತೆಗೆದರು. "ಗೊತ್ತಿತ್ತು ಕಣೇ. ಗೊತ್ತಿದ್ದೂ ಹೇಳಿದೆ. ಕಣ್ಣು ಹೋದ ಮೇಲೆ ಈ ಗಿಡಗಳು ನನಗೆ ಯಾಕೆ? ಗಿಡಗಳೇ ಬೇಡ ಅಂದ ಮೇಲೆ ನೀನು ಇಲ್ಲಿ ಯಾಕಿರ್ತೀಯ? ಇದನ್ನೇ ಯೋಚಿಸಿ ಯೋಚಿಸಿ ತಲೆ ಕೆಟ್ಟು, ನೀನಿರೋವಾಗಲೇ ಅದನ್ನ ತಟ್ಟೇಲಿ ನೋಡಿಬಿಡ್ಬೇಕು ಅನ್ನಿಸ್ತು."

"ನಾನು ಇಲ್ಲಿರೋದು ಗಿಡಕ್ಕಾ ಅತ್ತೆ?"

ಅತ್ತೆ ಮೂಗು ಒರೆಸಿಕೊಂಡರು.

"ಹೋಗು. ಆ ತಟ್ಟೆರಾಯನ ಹತ್ರ ಕ್ಷಮೆ ಕೇಳು. ನಿನ್ನ ಲೆಕ್ಕದಲ್ಲಿ ಕೇಳು, ನನಗಿನ್ನೂ ಸಿಟ್ಟಿದೆ. ಸಂಘದವರ ಬಾಯಿ ನಾನು ಮುಚ್ಚಿಸ್ತೀನಿ."

"ಬೇಗ ಬರ್ತೀನಿ. ಬೇಕಾದ್ರೆ ಗಂಟೆ..."

"ಗಂಟೆ ಹೊಡೆದ್ರೆ ನನ್ನ ಕೈ ನೋಯುತ್ತೆ," ಎಂದರು ಅತ್ತೆ. "ನಿಧಾನಕ್ಕೆ ಬಾ."

* * *

ಅವನ ಕೆಲಸದ ಮನೆಯ ಹಿಂದೆ, ಮಡಕೆ ಸುಡುವ ಆವಿಗೆ ಇನ್ನೂ ಬಿಸಿ ಉಸಿರು ಬಿಡುತ್ತಿತ್ತು. ಅಂಗಳದಲ್ಲಿ ಆ ಬೂದು ನೀಲಿ ತಟ್ಟೆ ಇತ್ತು, ಅದರ ತುಂಬ ನೀರು. ಒಂದು ಗುಬ್ಬಿ ಅಂಚಿನಲ್ಲಿ ಕೂತು ಕುಡಿಯುತ್ತಿತ್ತು.

"ತೂತಿಲ್ಲದ್ದಕ್ಕೆ ನೀರಾದ್ರೂ ನಿಂತಿದೆ," ಎಂದ ಅವನು, ಬಾಗಿಲಿಗೆ ಒರಗಿ. ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಯಾಕೆ ಮರೆತೆ ಅಂದ್ರಿ? ಅಷ್ಟು ಜನರ ಮುಂದೆ..."

"ಮರೆತಿಲ್ಲ ಅಂದಿದ್ರೆ ಯಾರಿಗೋಸ್ಕರ ಅಂತ ಹೇಳ್ಬೇಕಾಗ್ತಿತ್ತು."

"ನಾನು ಹೇಳಿಬಿಟ್ಟೆ. ನೀವು ಹೋದ ಮೇಲೆ. ಅತ್ತೆಗೆ ಇಲ್ಲ ಅಂದೆ." ಅವಳ ಕಣ್ಣು ತುಂಬಿತು. "ನೀವಿದ್ದಾಗಲೇ ಹೇಳ್ಬೇಕಿತ್ತು. ನಾನು ಬುಡ ನೋಡಲಿಲ್ಲ... ನಿಮ್ಮನ್ನ ಸುಳ್ಳುಗಾರ ಅಂದ್ಕೊಂಡೆ. ಕ್ಷಮಿಸಿ."

ಅವನು ಹತ್ತಿರ ಬಂದ. "ಸುಳ್ಳು ಹೇಳಿದ್ದೂ ಉಂಟು. ದಾರ ಕಳೆದಿರಲಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಮೊದಲ ದಿನ ತಂತಿ ಸುತ್ತಿ ಮುಗಿದ ಮೇಲೂ ನಾನು ಹಿಡ್ಕೊಂಡೇ ಇದ್ದೆ," ಎಂದ ಅವನು ಮೆಲ್ಲಗೆ. "ಕೊಂಬೆ ನಿಂತಿದೆ ಅಂತ ನನಗೆ ಗೊತ್ತಾಗಿತ್ತು."

"ನನಗೂ ಗೊತ್ತಿತ್ತು... ಬಿಡಿ ಅನ್ನೋಕೆ ಮನಸ್ಸು ಬರಲಿಲ್ಲ."

"ನನ್ನ ಜೊತೆ ಬಂದ್ಬಿಡ್ತೀರಾ?"

ಅವಳು ಗುಬ್ಬಿಯನ್ನು ನೋಡಿದಳು. ಆ ಪ್ರಶ್ನೆಗೆ ಕಾದೂ ಕಾದೂ, ಈಗ ಅದು ಎದುರು ನಿಂತಾಗ ಅವಳೊಳಗಿನ ಬೇರುಗಳು ಡಬ್ಬದ ಆಕಾರದಲ್ಲೇ ಇದ್ದವು.

"ನರ್ಸರಿ ಗಿಡವನ್ನ ಹಳೆ ಮಣ್ಣಿಂದ ಒಂದೇ ಸಲ ಪೂರ್ತಿ ಬಿಡಿಸಬಾರದು. ಮೊದಲು ಅರ್ಧ. ಅತ್ತೆಯ ಕಣ್ಣು... ನಾನು ಅಲ್ಲೂ ಇರ್ಬೇಕು, ಇಲ್ಲೂ ಇರ್ಬೇಕು. ಉಳಿದರ್ಧ, ಬೇರು ಹಿಡಿದ ಮೇಲೆ. ಕಾಯೋಕಾಗುತ್ತಾ?"

ಅವನು ಆವಿಗೆಯ ಕಡೆ ಕೈ ತೋರಿಸಿದ. "ಆರೋ ಮುಂಚೆ ಬಾಗಿಲು ತೆಗೆದ್ರೆ ಒಳಗಿರೋದೆಲ್ಲ ಸೀಳುತ್ತೆ. ಕಾಯೋದೇ ನನ್ನ ಕೆಲಸ."

ಅವಳು ಅವನ ಎಡಗೈಯನ್ನು ತೆಗೆದುಕೊಂಡಳು. ಸುಟ್ಟ ಕಲೆಯ ಹೆಬ್ಬೆರಳು ಅವಳ ಬೆರಳುಗಳ ನಡುವೆ ತನ್ನ ಹಳೆಯ ಜಾಗವನ್ನು ಹುಡುಕಿಕೊಂಡಿತು.

"ಇನ್ನು ಬಿಡಿ ಅಂತ ಯಾವಾಗ ಹೇಳ್ತೀರಿ?" ಅವನು ಕೇಳಿದ.

ಗೇಟಿನಾಚೆಯ ಬೀದಿ ಬಿಸಿಲಲ್ಲಿ ತೆರೆದುಕೊಂಡಿತ್ತು. ಎಲ್ಲಿಂದಲೂ ಗಂಟೆ ಕೇಳಲಿಲ್ಲ.

"ಹೇಳಲ್ಲ," ಎಂದಳು ಅವಳು. "ಹಿಡ್ಕೋ."